ಅಂತರ್ಜಲದ ಪಾಠಕ್ಕೆ ಬಂದ ಪ್ರಶ್ನೆ

ಕೊಪ್ಪಳ,
೩೦ ಫೆಬ್ರುವರಿ ೨೨೧೪

ಪಠ್ಯಕ್ರಮ ರಚನೆಯಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವ ಇಪ್ಪತ್ತೊಂದನೆಯ ಶತಮಾನದ ಮಿತ್ರರೇ,

ದಿನಾಂಕ ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರುವರಿಗೂ ಉಳಿದ ತಿಂಗಳುಗಳಷ್ಟೇ ಮರ್ಯಾದೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಪ್ರಬಂಧಗಳನ್ನು ಓದುವಾಗ ನಾನೂ ಅಷ್ಟೇ ಒದ್ದಾಡಿದ್ದೇನೆ. ನಾನು ದಾಕ್ಷಾಯಣಿ ಹಲಗೇರಿ, ಇಲ್ಲಿನ ಪಠ್ಯಕ್ರಮ ವಿಭಾಗದ ಮುಖ್ಯಸ್ಥೆ. ತಲೆ ತಿನ್ನುವವಳು ಎಂದು ವಿದ್ಯಾರ್ಥಿಗಳ ಅಭಿಪ್ರಾಯ. ಇರಲಿ.

ನಮ್ಮಲ್ಲಿ ರುಚಿವರ್ಷ ಎಂಬುದೊಂದಿದೆ. ಅಡುಗೆ ಮಾಡಿದವರು ತಾವೂ ಉಣ್ಣಬೇಕು ಎಂಬ ಲೆಕ್ಕ. ಪಠ್ಯ ಬರೆದವರು ಒಂದು ವರ್ಷ ಮಕ್ಕಳ ಜೊತೆ ಬೆಂಚಿನ ಮೇಲೆ ಕೂತು, ತಾವು ಬರೆದದ್ದನ್ನೇ ಬೇರೆ ಶಿಕ್ಷಕರ ಬಾಯಿಂದ ಕಲಿಯಬೇಕು. ಬಿಸಿಲಿನ ದೆಸೆಯಿಂದ ಶಾಲೆ ಬೆಳಗಿನ ಐದಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುತ್ತದೆ. ಮಕ್ಕಳದು ಮೊದಲು ತೊಟ್ಟಿಪಾಳಿ, ಅಂದರೆ ಊರಿನ ಮಳೆನೀರಿನ ತೊಟ್ಟಿಯನ್ನು ಅಳೆದು, ಇಂದು ಯಾವ ಮನೆಗೆ ಎಷ್ಟು ಪಾಲು ಎಂದು ಗೋಡೆಗೆ ಬರೆಯುವ ಕೆಲಸ. ನೆಲದಡಿಯ ನೀರು ನಮಗಿಲ್ಲ. ಅಳತೆ ತಪ್ಪಿದರೆ ಓಣಿಯವರೆಲ್ಲ ಬಂದು ಬೈಯುವುದರಿಂದ ಗಣಿತ ಮಾತ್ರ ಚೆನ್ನಾಗಿಯೇ ಬರುತ್ತದೆ. ಇನ್ನು ಪದವಿಯ ನಿಯಮ ಇಷ್ಟೇ: ಬರೆದವರು ಊಹಿಸದ ಒಂದು ಪ್ರಶ್ನೆಯನ್ನು ಮಗುವೊಂದು ಕೇಳಬೇಕು, ಅದಕ್ಕೆ ನಿಜವಾದ ಉತ್ತರ ಹುಡುಕಿ ಆ ಮಗುವನ್ನು ಒಪ್ಪಿಸಬೇಕು.

ನನ್ನ ವಿದ್ಯಾರ್ಥಿನಿ ನೀಲಾಂಬಿಕೆ ಆರನೆಯ ತರಗತಿಗೆ ಅಂತರ್ಜಲದ ಪಾಠ ಬರೆದಳು. ಬಲು ಜಾಣೆ. ಮಕ್ಕಳು ಏನೇನು ಕೇಳಬಹುದೋ ಅದನ್ನೆಲ್ಲ ತಾನೇ ಕೇಳಿ, ತಾನೇ ಉತ್ತರಿಸಿ, ಪಾಠವನ್ನು ಮುಚ್ಚಳ ಹಾಕಿದ ಡಬ್ಬಿ ಮಾಡಿಟ್ಟಿದ್ದಳು. ವರ್ಷವಿಡೀ ಒಬ್ಬರೂ ಬಾಯಿ ಬಿಡಲಿಲ್ಲ. ಪದವಿ ನಿಂತಿತು. ಅತ್ತಳು, ರೇಗಿದಳು, ನಿಯಮ ಸಡಿಲಿಸಿ ಎಂದು ಗೋಗರೆದಳು. ನಾನು ಜಗ್ಗಲಿಲ್ಲ. ಎರಡನೆಯ ವರ್ಷ ಹಟಕ್ಕೆ ಬಿದ್ದವಳು ತನ್ನ ಪಾಠವನ್ನು ಪಕ್ಕಕ್ಕಿಟ್ಟು, ಗ್ರಂಥಾಲಯದಲ್ಲಿ ಉಳಿದಿದ್ದ ನಿಮ್ಮ ಕಾಲದ ಪಾಠವನ್ನೇ ಇದ್ದ ಹಾಗೆ ತರಗತಿಗೆ ಕೊಟ್ಟಳು. ಒಳ್ಳೆಯ ಪಾಠ ಅದು. ಬಾವಿಯ ಚಿತ್ರವಿದೆ, ನೀರು ಉಳಿಸಿರೆಂಬ ಮಾತಿದೆ, ಕೊನೆಗೆ ಬಿಟ್ಟ ಸ್ಥಳ ತುಂಬುವ ಅಭ್ಯಾಸವೂ ಇದೆ.

ಮೆಹಜಬೀನ್ ಎಂಬ ಹುಡುಗಿ ಅದನ್ನು ಓದಿ ಮುಗಿಸಿ, ಪಕ್ಕದಲ್ಲೇ ಕೂತಿದ್ದ ನೀಲಾಂಬಿಕೆಯನ್ನು ಕೇಳಿದಳು: "ಅಕ್ಕಾ, ಈ ಪಾಠ ಆಗಿನವರೂ ಸಾಲ್ಯಾಗ ಓದಿದ್ರಲ್ಲ? ಮತ್ತ ನೀರು ಯಾಕ ಖಾಲಿ ಮಾಡಿದ್ರು?"

ನೀಲಾಂಬಿಕೆ ಓಡಿ ಬಂದು ನನ್ನ ಕೊಠಡಿಯಲ್ಲಿ ಕುಣಿದಾಡಿಬಿಟ್ಟಳು. ಕುಣಿತ ಮುಗಿದ ಮೇಲೆ ಇಬ್ಬರೂ ಉತ್ತರ ಹುಡುಕಲು ಕೂತೆವು. ಪರೀಕ್ಷೆಗಷ್ಟೇ ಓದಿದರೇನೋ, ಆಸೆ ಹೆಚ್ಚಿತ್ತೇನೋ ಎಂದೆಲ್ಲ ಹೇಳಿ ನೋಡಿದೆವು. ಹುಡುಗಿ ಒಂದನ್ನೂ ಒಪ್ಪಲಿಲ್ಲ. ಅದು ನಿಮ್ಮ ಊಹೆ, ಅವರನ್ನೇ ಕೇಳಿ ಎಂದಳು.

ಅದಕ್ಕೇ ಈ ಕಾಗದ. ನೀವೀಗ ರಚಿಸುತ್ತಿರುವ ಪಠ್ಯದ ಅಂಚಿನಲ್ಲಿ ಉತ್ತರ ಬರೆದಿಡಿ, ನಮಗೆ ಸಿಕ್ಕೇ ಸಿಗುತ್ತದೆ. ಸಿದ್ಧಾಂತ ಬೇಡ, ಅವಳಿಗೆ ಹನ್ನೊಂದು ವರ್ಷ. ಅಥವಾ, ನಿಮ್ಮಲ್ಲಿ ಇನ್ನೂ ನೀರಿದೆಯಲ್ಲ, ಆ ಪ್ರಶ್ನೆಯೇ ಹುಟ್ಟದಂಥ ಪಾಠವೊಂದನ್ನು ಬರೆದುಬಿಡಿ. ನೀವು ಮಾಡಬಲ್ಲಿರಿ, ನನಗೆ ಅನುಮಾನವಿಲ್ಲ. ಹಾಗಾದರೆ ನೀಲಾಂಬಿಕೆಯ ಪದವಿ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ. ಹೋಗಲಿ ಬಿಡಿ, ಅವಳನ್ನು ನಾನು ಸಮಾಧಾನ ಮಾಡುತ್ತೇನೆ.

ನಿಮ್ಮ,
ದಾಕ್ಷಾಯಣಿ ಹಲಗೇರಿ