ನಮ್ಮ ಕ್ಯಾಚರನನ್ನು ಕೊಟ್ಟುಬಿಡುವ ಮುನ್ನ

ಹೆರನ್ಸ್ ಬೇಸ್‌ಬಾಲ್ ತಂಡದ ಮಾನ್ಯ ಪ್ರಧಾನ ವ್ಯವಸ್ಥಾಪಕರೇ,

ನಮ್ಮ ಕ್ಯಾಚರ್ ಎಲ್ಪಿಡಿಯೊ ಕಬ್ರಾಲ್‌ನನ್ನು ನೀವು ಬೇರೆ ತಂಡಕ್ಕೆ ಕೊಟ್ಟುಬಿಡುತ್ತೀರೆಂದು ಊರೆಲ್ಲ ಗುಲ್ಲೆದ್ದಿದೆ. ಆಟಗಾರರನ್ನು ಅದಲುಬದಲು ಮಾಡಲು ಜುಲೈ ಮುಗಿಯುವವರೆಗೆ ಮಾತ್ರ ಅವಕಾಶ, ಆ ಜುಲೈ ಮುಗಿಯುತ್ತ ಬಂತು. ಕೊಡುತ್ತೀರೋ ಇಟ್ಟುಕೊಳ್ಳುತ್ತೀರೋ ಎಂದು ಪತ್ರಿಕೆಯವರು ಕೇಳಿದರೆ ‘ಎಲ್ಲ ಸಾಧ್ಯತೆಗಳನ್ನೂ ಪರಿಶೀಲಿಸಲಾಗುತ್ತಿದೆ’ ಎಂದು ಅಪ್ಪಣೆ ಕೊಡಿಸಿದ್ದೀರಿ. ನನ್ನದೊಂದು ಸಾಸೇಜ್ ಅಂಗಡಿಯಿದೆ. ಇದು ಇವತ್ತಿನದೋ ನಿನ್ನೆಯದೋ ಎಂದು ಕೇಳಿದ ಗಿರಾಕಿಗೆ ನಾನು ಈ ಉತ್ತರ ಕೊಟ್ಟರೆ ಆತ ಮರುಮಾತಾಡದೆ ಎದುರಿನ ಅಂಗಡಿಗೆ ಹೋಗುತ್ತಾನೆ. ನಿಮಗೆ ಆ ಭಯವಿಲ್ಲ. ಎದುರು ಅಂಗಡಿಯೇ ಇಲ್ಲದ ಬೀದಿಯಲ್ಲಿ ನೀವು ವ್ಯಾಪಾರಕ್ಕೆ ಕೂತಿದ್ದೀರಿ.

ಜಗಳಕ್ಕೆ ಬಂದವಳೆಂದು ದಯವಿಟ್ಟು ತಿಳಿಯಬೇಡಿ. ಈರಿ ಸರೋವರದ ಗಾಳಿಗೆ ಮೈಯೊಡ್ಡಿ ಈ ತಂಡ ಸೋಲುವುದನ್ನು ನೋಡುತ್ತಲೇ ಕೂದಲು ನರೆಸಿಕೊಂಡವಳು ನಾನು. ತಂಡ ಕಟ್ಟುತ್ತಿದ್ದೇವೆ, ತಾಳ್ಮೆಯಿರಲಿ ಎಂದು ನೀವು ಪ್ರತಿ ವಸಂತದಲ್ಲೂ ಹೇಳುತ್ತೀರಿ. ಅಷ್ಟರಲ್ಲಿ ನಮ್ಮ ನದಿಯ ಹಳೆಯ ಸೇತುವೆಯನ್ನು ಕೆಡವಿ ಹೊಸದನ್ನು ಕಟ್ಟಿ, ಅದಕ್ಕೂ ಗುಂಡಿ ಬಿದ್ದು ರಿಪೇರಿ ಶುರುವಾಗಿದೆ. ಹೆರನ್ ಎಂದರೆ ಕೊಕ್ಕರೆ, ಒಂಟಿಕಾಲಲ್ಲಿ ನಿಂತು ಕಾಯುವುದು ಅದರ ಸ್ವಭಾವ ಎಂದು ನಾವು ಸಮಾಧಾನ ಮಾಡಿಕೊಂಡಿದ್ದೇವೆ. ಆದರೆ ಕೊಕ್ಕರೆಗಾದರೂ ಆಗೀಗ ಒಂದು ಮೀನು ಸಿಗುತ್ತದೆ ಸ್ವಾಮಿ!

ಹೋದ ವರ್ಷ ಚೆಂಡೆಸೆಯುವ ನಮ್ಮ ಎಡಗೈ ಪಿಚರನನ್ನು ಕೊಟ್ಟು ನೀವು ತಂದದ್ದು ಯಾರನ್ನು? ‘ಹೆಸರು ನಂತರ ತಿಳಿಸಲಾಗುವ ಆಟಗಾರ’ನನ್ನು. ಬೇಸ್‌ಬಾಲಿನಲ್ಲಿ ಇದು ನಡೆಯುವ ಪದ್ಧತಿಯೇ ಎಂದು ನನಗೂ ಗೊತ್ತು. ಆದರೂ ದುಡ್ಡೆಣಿಸಿಕೊಂಡು ಗಿರಾಕಿಯ ಕೈಗೆ ಖಾಲಿ ಪೊಟ್ಟಣ ಕೊಟ್ಟು, ಒಳಗೇನಿದೆಯೆಂದು ಆಮೇಲೆ ಹೇಳುತ್ತೇನೆ ಎನ್ನುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಕೊನೆಗೆ ತಿಳಿಸಿದ ಆ ಹೆಸರಿನ ಹುಡುಗ ಈಗ ಎಲ್ಲಿದ್ದಾನೆಂದು ನಿಮಗಾದರೂ ಗೊತ್ತೇ?

ಕ್ರೀಡಾಂಗಣದ ಮೇಲಂತಸ್ತಿನಲ್ಲಿ ನನ್ನ ಎಡಕ್ಕೆ ಕೂರುವವನು ಮೈದುನ ಜಿಗ್ಗಿ. ಅಂಚೆ ಹಂಚುತ್ತಿದ್ದವನು, ಈಗ ನಿವೃತ್ತ. ಬಲಕ್ಕೆ ಗೆಳತಿ ಅರ್ನೆಟಾ ಪ್ರೂಯಿಟ್, ತನ್ನ ಚರ್ಚಿನಲ್ಲಿ ಹಾಡುವವಳು. ಅವಳು ಪಿಸುಗುಟ್ಟಿದರೂ ಮೈದಾನದ ಅಂಪೈರು ತಿರುಗಿ ನೋಡುತ್ತಾನೆ. ಜೂನ್ ತಿಂಗಳಿಂದ ಇವರಿಬ್ಬರೂ ನನ್ನನ್ನು ನಡುವೆ ಕೂರಿಸಿಕೊಂಡು ನಿಮ್ಮ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದಾರೆ. ಕಬ್ರಾಲ್‌ನನ್ನು ಕೊಡಬೇಕೆಂದು ಅರ್ನೆಟಾ, ಕೂಡದೆಂದು ಜಿಗ್ಗಿ.

“ಸೀಸನ್ ಮುಗಿದ್ರೆ ಅವನ ಕರಾರೂ ಮುಗಿಯುತ್ತೆ ಕಣೋ,” ಎನ್ನುತ್ತಾಳೆ ಅರ್ನೆಟಾ. “ಆಮೇಲೆ ಟಾಟಾ ಮಾಡ್ಕೊಂಡು ಹೋದ್ರೆ ನಮ್ಮ ಕೈಗೇನು ಬರುತ್ತೆ? ಚಿಪ್ಪು! ಈಗ್ಲೇ ಕೊಟ್ರೆ ಇಬ್ರು ಎಳೇ ಹುಡುಗ್ರಾದ್ರೂ ಸಿಗ್ತಾರೆ.”

“ಎಂಟು ವರ್ಷ ನಮಗೋಸ್ಕರ ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು, ಚೆಂಡು ಹಿಡಿದು ಮಂಡಿ ಸವೆಸಿದ್ದಾನೆ. ಸಾಮಾನು ಕೊಟ್ಟ ಹಾಗೆ ಕೊಟ್ಬಿಡೋಕಾಗುತ್ತಾ?”

“ಮಂಡಿ ಸವೆದಿದೆ ಅಂತಾನೇ ಹೇಳ್ತಿರೋದು.”

“ನಿನ್ನ ಗಂಡನ ಮಂಡಿನೂ ಸವೆದಿದೆ. ಅವನನ್ನೂ ಕೊಟ್ಬಿಡ್ತೀಯಾ?”

“ಒಳ್ಳೇ ಪಿಚರ್ ಸಿಗೋದಾದ್ರೆ ಯಾಕಾಗ್ಬಾರ್ದು? ಗೊರಕೆ ಬೇಕಾದ್ರೆ ಪುಕ್ಕಟೆ ಸೇರಿಸ್ತೀನಿ.”

ನಿಮ್ಮ ಕಚೇರಿಯಲ್ಲೂ ಚರ್ಚೆಗಳು ಇಷ್ಟೇ ಗಹನವಾಗಿರುತ್ತವೆಂದು ನನ್ನ ಊಹೆ.

ಈಗ ಹೋದ ಬುಧವಾರದ ಸಂಗತಿಗೆ ಬರುತ್ತೇನೆ. ಮಧ್ಯಾಹ್ನದ ಆಟ. ನಾವು ಯಥಾಪ್ರಕಾರ ಸೋಲುತ್ತಿದ್ದೆವು. ಐದನೇ ಇನಿಂಗ್ಸ್ ನಡುವೆ ಕೋಚ್ ಇದ್ದಕ್ಕಿದ್ದಂತೆ ಹೊರಗೆ ಬಂದು ಕಬ್ರಾಲ್‌ನನ್ನು ಕರೆದ. ಪೆಟ್ಟಾಗಿರಲಿಲ್ಲ, ಕುಂಟುತ್ತಲೂ ಇರಲಿಲ್ಲ. ಅವನು ಮುಖಕವಚ ತೆಗೆದು, ಆಟಗಾರರು ಕೂರುವ ಡಗೌಟಿಗೆ ಹೋದ. ಅಲ್ಲಿ ಎಲ್ಲರೂ ಸಾಲುಗಟ್ಟಿ ಅವನನ್ನು ಅಪ್ಪಿಕೊಳ್ಳತೊಡಗಿದರು. ಜುಲೈ ಕೊನೆಯ ವಾರ ಆಟದ ನಡುವೆ ಒಬ್ಬನನ್ನು ಹೊರಗೆ ಕರೆದು ಅಪ್ಪಿಕೊಂಡರೆ ಅದರ ಅರ್ಥವೇನೆಂದು ನಮ್ಮೂರಿನ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಮುಗಿಯಿತು, ಅವನನ್ನು ಕೊಟ್ಟಾಯಿತು.

“ಕೊಟ್ಟೇಬಿಟ್ರಲ್ಲೋ!” ಎಂದು ಕೂಗಿಕೊಂಡವಳು ಅರ್ನೆಟಾ. ಎರಡು ತಿಂಗಳಿಂದ ಕೊಡಿ ಕೊಡಿ ಎಂದು ನನ್ನ ಬಲಗಿವಿ ಕೊರೆದವಳೇ ಎಲ್ಲರಿಗಿಂತ ಮೊದಲು ಎದ್ದು ನಿಂತು ಹೋ ಎಂದು ಅತ್ತಳು. ನಾನೂ ಎದ್ದೆ. ನಮ್ಮ ಸಾಲು, ಹಿಂದಿನ ಸಾಲು, ಆಮೇಲೆ ಇಡೀ ಮೇಲಂತಸ್ತು ಎದ್ದಿತು. ಗಂಡಸರು ಟೋಪಿ ತೆಗೆದರು. ಬಿಯರ್ ಮಾರುವವನು ತಟ್ಟೆ ಕೆಳಗಿಟ್ಟು ಚಪ್ಪಾಳೆ ಹೊಡೆದ. ಕಬ್ರಾಲ್ ಡಗೌಟಿನ ಮೆಟ್ಟಿಲೇರಿ ಬಂದು ತಲೆಯೆತ್ತಿ ನಮ್ಮನ್ನು ನೋಡಿದ. ಎದೆಯ ಮೇಲೆ ಕೈಯಿಟ್ಟುಕೊಂಡ. ಅವನೂ ಕಣ್ಣೊರೆಸಿಕೊಂಡ. ಜಿಗ್ಗಿ ಮಾತ್ರ ಅಳಲಿಲ್ಲ. ಆಟ ನೋಡುತ್ತಿದ್ದರೂ ಕಿವಿಗೆ ರೇಡಿಯೋ ಒತ್ತಿಕೊಂಡಿರುವುದು ಅವನ ಅಭ್ಯಾಸ. ಕಬ್ರಾಲ್ ಒಳಗೆ ಹೋದ ಮೇಲೆ ಅವನು ನಿಧಾನವಾಗಿ ರೇಡಿಯೋ ಕೆಳಗಿಳಿಸಿದ.

“ಹೆಣ್ಣು ಮಗು,” ಅಂದ.

“ಯಾರಿಗೋ?”

“ಕಬ್ರಾಲ್‌ಗೆ. ಈಗಷ್ಟೇ ಹೆರಿಗೆ ಆಯ್ತಂತೆ. ಅದಕ್ಕೇ ಆಸ್ಪತ್ರೆಗೆ ಹೊರಟಿದ್ದಾನೆ.”

ಅರ್ನೆಟಾ ದೊಪ್ಪನೆ ಕೂತಳು. “ಅಯ್ಯೋ ದೇವರೇ! ಮಗು ನೋಡೋಕೆ ಹೊರಟವನ ಮುಂದೆ ಸಾವಿನ ಮನೆಯಲ್ಲಿ ಅಳೋ ಹಾಗೆ ಅತ್ವಲ್ಲೇ ಬರ್ನಿಸ್!”

ನಾವು ನಕ್ಕೆವು. ಅತ್ತ ಕಣ್ಣಲ್ಲೇ ಪಕ್ಕೆ ಹಿಡಿದುಕೊಂಡು ನಕ್ಕೆವು. ಮರುದಿನದ ಪತ್ರಿಕೆ ನೋಡಿದ ಮೇಲೆ ಆ ನಗು ನಿಂತಿತು. ಕಬ್ರಾಲ್ ಹೇಳಿದ್ದನ್ನು ನೀವೂ ಓದಿರುತ್ತೀರಿ: ‘ನನ್ನ ಮಗಳು ಹುಟ್ಟಿದ ಗಳಿಗೆಯಲ್ಲಿ ಇಡೀ ಮೇಲಂತಸ್ತು ಎದ್ದು ನಿಂತು ಆನಂದದಿಂದ ಅತ್ತಿತು. ನನ್ನ ಹುಟ್ಟೂರಿನಲ್ಲೂ ಇಷ್ಟು ಜನ ಸೇರುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಅವಳಿಗೆ ಇದನ್ನು ಹೇಳುತ್ತೇನೆ.’

ಪಾಪ, ಅವನು ಹಾಗೇ ನಂಬಿದ್ದಾನೆ. ನಂಬಿಕೆ ಕೆಡಿಸುವವರು ಯಾರು? ನಾವಂತೂ ಬಾಯಿ ಬಿಟ್ಟಿರಲಿಲ್ಲ. ಈ ಪತ್ರದಲ್ಲಿ ಬಿಟ್ಟಿದ್ದೇನೆ. ನೀವು ಅವನಿಗೆ ತೋರಿಸುವುದಿಲ್ಲವೆಂದು ನಂಬಿದ್ದೇನೆ. ಅಭಿಮಾನಿಗಳ ಪತ್ರವನ್ನು ನಿಮ್ಮ ಕಚೇರಿಯಲ್ಲಿ ಯಾರೂ ಓದುವುದಿಲ್ಲವೆಂದು ಜಿಗ್ಗಿ ಭರವಸೆ ಕೊಟ್ಟಿದ್ದಾನೆ.

ಶುಕ್ರವಾರ ಚರ್ಚಿನ ಸಭಾಂಗಣದಲ್ಲಿ ಮೀನೂಟಕ್ಕೆ ಕೂತಾಗ ಮತ್ತೆ ಅದೇ ಚರ್ಚೆ ಎದ್ದಿತು. ನಾನು ಬ್ರೆಡ್ ಮುರಿಯುತ್ತ ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. ಏನೋ ಅದಲುಬದಲಾದಂತೆ ಅನ್ನಿಸಿ ತಲೆಯೆತ್ತಿದೆ.

“ಕೊಡಬಾರ್ದು,” ಅನ್ನುತ್ತಿದ್ದಾಳೆ ಅರ್ನೆಟಾ! “ಹಸೀ ಬಾಣಂತಿನ ಬಿಟ್ಟು ಅವನು ಎಲ್ಲಿಗೆ ಹೋಗ್ಬೇಕು? ಯಾವ ಪಿಚರೂ ಬೇಡ, ಯಾವ ಎಳೇ ಹುಡುಗ್ರೂ ಬೇಡ.”

“ಕೊಟ್ಬಿಡಬೇಕು,” ಅಂದ ಜಿಗ್ಗಿ. ತಟ್ಟೆ ಪಕ್ಕಕ್ಕೆ ತಳ್ಳಿದ. “ಅವತ್ತು ಅವನು ಹೊರಟ ಅಂದ್ಕೊಂಡು ನೀವೆಲ್ಲ ಅತ್ರಿ. ನನಗೆ ಒಳಗೊಳಗೇ ಖುಷಿಯಾಯ್ತು, ಗೊತ್ತಾ? ಎಂಟು ವರ್ಷದಲ್ಲಿ ಪ್ರಶಸ್ತಿಗೆ ನಡೆಯೋ ಅಕ್ಟೋಬರ್ ಆಟ ಒಂದೂ ಆಡಿಲ್ಲ ಅವನು. ಒಂದೇ ಒಂದು ಪ್ಲೇಆಫ್ ಇಲ್ಲ. ಮಂಡಿ ಪೂರ್ತಿ ಹೋಗೋಕೆ ಮುಂಚೆ ಗೆಲ್ಲೋ ತಂಡದಲ್ಲಿ ಒಂದು ಸಲ ಆಡ್ಲಿ. ನಮ್ಮ ಜೊತೆ ಕೊಳೀಲಿ ಅಂತ ಹಟ ಹಿಡಿದಿದ್ನಲ್ಲ ನಾನು, ಪ್ರೀತಿನಾ ಅದು?”

ಅರ್ನೆಟಾ ಅವನು ತಳ್ಳಿದ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು. ಮಾನ್ಯರೇ, ಈ ಸೀಸನ್ನಿನಲ್ಲಿ ಹೆರನ್ಸ್ ಪಾಳಯದಲ್ಲಿ ನಡೆದ ನ್ಯಾಯವಾದ ವಿನಿಮಯ ಇದೊಂದೇ. ಜಿಗ್ಗಿಯ ಅಭಿಪ್ರಾಯ ಅರ್ನೆಟಾಳಿಗೆ, ಅರ್ನೆಟಾಳದು ಜಿಗ್ಗಿಗೆ, ಅದೂ ನಿಮ್ಮ ರುಜುವಿಲ್ಲದೆ.

ಇಬ್ಬರೂ ನನ್ನ ಕಡೆ ತಿರುಗಿ ನೀನೇನು ಹೇಳುತ್ತೀ ಎಂದರು. ಆಗ ನನಗೆ ಹೊಳೆಯಿತು. ಕೊಡಬೇಕೆಂದು ಅರ್ಧ ಊರು, ಕೂಡದೆಂದು ಇನ್ನರ್ಧ ಊರು, ರೇಡಿಯೋದವರು, ಪತ್ರಿಕೆಯವರು, ನೀವು, ನಿಮ್ಮ ಲೆಕ್ಕದ ಯಂತ್ರಗಳು, ಎಲ್ಲರೂ ಮಾತಾಡಿದ್ದಾಯಿತು. ಕಬ್ರಾಲ್‌ನನ್ನು ಯಾರಾದರೂ ಕೇಳಿದ್ದೇವೆಯೇ? ಅವನ ಕರಾರಿನಲ್ಲಿ ಬೇಡ ಎನ್ನುವ ಹಕ್ಕಿಲ್ಲ, ನನಗೆ ಗೊತ್ತು. ಹಕ್ಕಿಲ್ಲದವನನ್ನು ಕೇಳಬಾರದೆಂದು ಕರಾರಿನಲ್ಲಿ ಬರೆದಿದೆಯೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅವನನ್ನು ಕರೆದು ಕೂರಿಸಿಕೊಂಡು ಕೇಳಿ: ಹೋಗುತ್ತೀಯಾ, ಇರುತ್ತೀಯಾ? ಇರುತ್ತೇನೆ ಎಂದರೆ ಅವನಿಗೆ ಹೊಸ ಕರಾರು ಕೊಡಿ, ಅಭಿಪ್ರಾಯ ಮತ್ತೊಮ್ಮೆ ಬದಲಿಸುವ ಕೆಲಸ ಜಿಗ್ಗಿಗೆ ಬಿಡಿ. ಹೋಗುತ್ತೇನೆ ಎಂದರೆ ಅಕ್ಟೋಬರ್ ನೋಡುವ ತಂಡಕ್ಕೇ ಕಳಿಸಿ, ನಮ್ಮಂಥ ಇನ್ನೊಂದು ಕೊಕ್ಕರೆ ಗುಂಪಿಗೆ ಬೇಡ. ಆದರೆ ಬೆಳಗಾಗುವುದರೊಳಗೆ ಅವನು ಸಾಮಾನಿಡುವ ಕಪಾಟು ಖಾಲಿ ಮಾಡಿಸಿ, ನಾವು ಪತ್ರಿಕೆಯಲ್ಲಿ ಓದುವ ಹಾಗೆ ಮಾಡಬೇಡಿ. ಭಾನುವಾರ ಇಲ್ಲಿಯೇ ಆಟವಿದೆ. ಅವನನ್ನು ಆಡಲು ಬಿಟ್ಟು, ಆಟದ ನಡುವೆ ಹೊರಗೆ ಕರೆಯಿರಿ. ಬುಧವಾರದ ಚಪ್ಪಾಳೆಯನ್ನು ಅವನು ಮಗಳ ಹೆಸರಿಗೆ ಬರೆದುಕೊಂಡಿದ್ದಾನೆ. ಅದು ಆ ಕೂಸಿನದೇ ಆಗಿರಲಿ, ನಾವು ವಾಪಸು ಕೇಳುವುದಿಲ್ಲ. ಅವಳಪ್ಪನಿಗೆ ಕೊಡಬೇಕಾದದ್ದನ್ನು ನಾವಿನ್ನೂ ಕೊಟ್ಟಿಲ್ಲ.

ಇಂತಿ,
ಮೇಲಂತಸ್ತಿನ ಕಂಬದ ಹಿಂದಿನ ಸೀಟಿನಿಂದ ಕತ್ತು ಚಾಚಿ ನೋಡುತ್ತಿರುವ, ಮುಂದಿನ ವರ್ಷವೂ ಬುದ್ಧಿ ಕಲಿಯದೆ ಟಿಕೆಟ್ ಕೊಳ್ಳಲಿರುವ
ಬರ್ನಿಸ್ ಪಾವ್ಲಾಕ್