ಆರು ಮರಿಗಳ ಕಿವಿ

ಹುಮನಾಬಾದ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಸತೀಶಣ್ಣಾ,

ನಿನ್ನ ತುರಿಕೆ ಕಡಿಮೆಯಾಯಿತೇ? ಹೋದ ಸಲ ಬೀದರ ಜೈಲಿನ ಜಾಲರಿಯ ಆಚೆ ನಿಂತು ನೀನು ಮೊಣಕೈ ಕೆರೆದುಕೊಳ್ಳುತ್ತಲೇ ಮಾತಾಡಿದೆ. ನಾನು ತಂದುಕೊಟ್ಟ ಮುಲಾಮನ್ನು ಹಚ್ಚಿಕೊಂಡೆಯೋ ಇಲ್ಲ ಪಕ್ಕದವನಿಗೆ ದಾನ ಮಾಡಿ ಕೂತೆಯೋ ದೇವರೇ ಬಲ್ಲ. ರೊಟ್ಟಿ ಸಿಗುತ್ತದೋ, ಬರೀ ಅನ್ನವೋ? ಕೆಮ್ಮು ಹೇಗಿದೆ? ಅವ್ವ ಅರಾಮ ಎಂದು ಬರೆಯಲು ಪೆನ್ನು ಎತ್ತಿದೆ, ಆದರೆ ಅದು ಸುಳ್ಳಾಗುತ್ತದೆ. ಅವಳ ಎಡಗೈಗೆ ಪಟ್ಟಿ ಕಟ್ಟಿದ್ದಾರೆ. ಏಕೆಂದು ಮುಂದೆ ಹೇಳುತ್ತೇನೆ, ಗಾಬರಿಯಾಗಬೇಡ. ಅಪ್ಪ ಗಟ್ಟಿಮುಟ್ಟಾಗಿದ್ದಾನೆ. ಅವನಿಗೇನು ಧಾಡಿ, ಮುರಿಯುವವರು ಯಾವಾಗಲೂ ಸುತ್ತಲಿನವರೇ.

ನನ್ನ ಓದು ನಡೆದಿದೆ. ಬಿ.ಎ. ಕೊನೆಯ ವರ್ಷ ಅಂದಮೇಲೆ ನಡೆಯಲೇಬೇಕಲ್ಲ. ಈ ಸಲ ನಮಗೆ ಅಮೆರಿಕದ ಹಳೆಯ ಸಾಹಿತ್ಯದ ಪೇಪರು ಇದೆ. ಪಾಠ ಮಾಡುವವರು ಭುವನೇಶ್ವರಿ ಮೇಡಂ. ಒಂದು ಕಥೆಯಲ್ಲಿ ಒಬ್ಬ ಕಪ್ತಾನ ತನ್ನೊಬ್ಬನ ಹಗೆಗಾಗಿ ಇಡೀ ಹಡಗನ್ನೇ ಮುಳುಗಿಸುತ್ತಾನೆ. ನಮ್ಮ ತರಗತಿಯ ಹುಡುಗಿಯರೆಲ್ಲ ಅವನನ್ನು ವಾಚಾಮಗೋಚರ ಬೈದರು. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಹಡಗಿನ ಆಳುಗಳ ಮೇಲೆ. ಅಷ್ಟು ಜನ ಗಂಡಸರು, ಕೈಯಲ್ಲಿ ಈಟಿ ಹಿಡಿದವರು, ಇವನಿಗೆ ಹುಚ್ಚು ಹಿಡಿದಿದೆ ಎಂದು ಗೊತ್ತಿದ್ದೂ ಹೂಂ ಹೂಂ ಎನ್ನುತ್ತ ನೀರಿಗೆ ಹೋಗುತ್ತಾರೆ. ನನ್ನ ಕೋಣೆಯ ಗೆಳತಿ ಅಸ್ಗರಿ ಅವರ ಪರ ವಹಿಸಿ, "ಮಾಲಕ ಹೇಳಿದ್ ಮಾಡಲಿಲ್ಲಂದ್ರ ಹೊಟ್ಟಿಗೆ ಏನ ತಿಂತಾರವಾ?" ಅಂದಳು. ಪುಸ್ತಕವನ್ನು ಗೋಡೆಗೆ ಬೀಸಿ ಒಗೆದೆ, ಅಣ್ಣಾ. ರಟ್ಟು ಕಿತ್ತುಹೋಯಿತು. ಲೈಬ್ರರಿಯ ಪುಸ್ತಕ, ಬಾಯಿಗೆ ಬಂದಹಾಗೆ ಬೈಸಿಕೊಂಡೆ. ಅದೇ ಪೇಪರಿನಲ್ಲಿ ಇನ್ನೊಬ್ಬನಿದ್ದಾನೆ. ಸರಕಾರ ಮಾಡುವ ಅನ್ಯಾಯಕ್ಕೆ ನಾನು ಒಪ್ಪಲಾರೆ ಎಂದು ತಾನಾಗಿಯೇ ಜೈಲಿಗೆ ಹೋಗುತ್ತಾನೆ. ಪಾಠ ಕೇಳುವಾಗ ನಿನ್ನ ಮುಖವೇ ಕಣ್ಣ ಮುಂದೆ ಬಂತು. ಆಮೇಲೆ ನಾಚಿಕೆಯಾಯಿತು. ಅವನು ಇಲ್ಲ ಎಂದು ಜೈಲಿಗೆ ಹೋದ, ನೀನು ಹೂಂ ಎಂದು ಹೋದೆ.

ನೀನು ಮರೆತಂತೆ ನಟಿಸುತ್ತೀಯ, ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ನಮ್ಮ ಕುರಿಹಿಂಡಿನ ಗುರುತು ಎಡಗಿವಿಯ ತುದಿಗೆ ಕಚ್ಚು, ಬಲಗಿವಿಗೆ ಸೀಳು. ನಮ್ಮೂರಿನವನೇ ಆದ ಚನ್ನಬಸಪ್ಪ ಕಾಕಾನ ಹಿಂಡಿಗೆ ಇದರ ಉಲ್ಟಾ, ಬಲಕ್ಕೆ ಕಚ್ಚು, ಎಡಕ್ಕೆ ಸೀಳು. ಮುತ್ತ್ಯಾನ ಕಾಲದಲ್ಲಿ ಎರಡೂ ಮನೆಯವರು ಕೂಡಿ ಮಾಡಿಕೊಂಡ ಕರಾರು ಅದು. ಮರಿಯ ಕಿವಿ ಕೊಯ್ಯುವ ಹಕ್ಕು ಮನೆಯ ಹಿರಿಯನೊಬ್ಬನದೇ. "ಚೂರಿ ಹಿಡಿಯೋ ಕೈ ಮನಿಗೆ ಒಂದೇ" ಎಂದು ಅಪ್ಪ ಎಷ್ಟು ಸಲ ಹೇಳಿಲ್ಲ! ನಿನಗೆ ಹತ್ತು ವರ್ಷವಿದ್ದಾಗ ಆಟಕ್ಕೆ ಆ ಚೂರಿ ಮುಟ್ಟಿದ್ದಕ್ಕೆ ನಿನ್ನ ಬೆರಳುಗಳನ್ನು ಒರಳಿನ ಅಂಚಿಗಿಟ್ಟು ಬಡಿಗೆಯಿಂದ ಹೊಡೆದಿದ್ದ, ಇವತ್ತಿಗೂ ನಿನ್ನ ನಡುಬೆರಳು ಸೊಟ್ಟಗಿದೆ. ಅಂಥ ಅಪ್ಪ ಹೋದ ವರ್ಷ ಯುಗಾದಿಯ ಮುಂದೆ ಟ್ರಾಲಿಯಿಂದ ಬಿದ್ದು ಕೈ ಮುರಿದುಕೊಂಡ. ಕೊನೆಯಲ್ಲಿ ಹುಟ್ಟಿದ ಆರು ಮರಿಗಳ ಕಿವಿ ಹಾಗೇ ಉಳಿದವು. ಕೊಯ್ಯಲು ಅಪ್ಪನಿಗೆ ಆಗುತ್ತಿರಲಿಲ್ಲ, ನೀನು ಕೊಯ್ಯಿ ಎಂದು ಬಾಯಿಬಿಟ್ಟು ಹೇಳಲು ಮನಸ್ಸಿರಲಿಲ್ಲ. ಅವನು ಬಸವಕಲ್ಯಾಣದ ದವಾಖಾನೆಗೆ ಹೋದ ದಿನ ನಾವಿಬ್ಬರೇ ಆ ಕೆಲಸ ಮಾಡಿದೆವು. ಅಪ್ಪ ಮರಿಯನ್ನು ಯಾವಾಗಲೂ ಮೊಣಕಾಲ ನಡುವೆ ಒತ್ತಿ, ಅದರ ಬೆನ್ನ ಕಡೆಯಿಂದ ಕಿವಿ ಹಿಡಿಯುತ್ತಾನೆ. ನಾನು ಪೆದ್ದಿ, ಮರಿಯ ಮುಖವನ್ನು ನಿನ್ನ ಕಡೆಗೇ ತಿರುಗಿಸಿ ಹಿಡಿದೆ. ನೀನು ಅಪ್ಪನ ಕೈಯನ್ನೇ ನೆನಪಿಟ್ಟುಕೊಂಡು ನಿನ್ನ ಎಡಕ್ಕಿದ್ದ ಕಿವಿಗೆ ಕಚ್ಚು ಹಾಕಿದೆ. ಆರನೆಯ ಮರಿ ಬಿಟ್ಟಮೇಲೆ ನೋಡಿದರೆ ಆರೂ ಚನ್ನಬಸಪ್ಪನ ಮರಿಗಳಾಗಿದ್ದವು.

ಆವತ್ತೇ ಹೇಳಬಹುದಿತ್ತು. ಚನ್ನಬಸಪ್ಪ ಕಾಕಾನ ಮನೆಗೆ ಹೋಗಿ ಹೀಗಾಯ್ತು ಎಂದಿದ್ದರೆ ನಕ್ಕುಬಿಡುತ್ತಿದ್ದ. ಆದರೆ ಅವನಿಗೆ ಹೇಳಿದರೆ ಅಪ್ಪನಿಗೆ ಗೊತ್ತಾಗುತ್ತಿತ್ತು. ಅಪ್ಪನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು, ಕಿವಿಯ ಗುರುತು ಅವನಿಗೆ ಕಾಣುತ್ತಿರಲಿಲ್ಲ. ಕಾಣುವುದಿಲ್ಲ ಎಂದು ಅವನೂ ಹೇಳುವವನಲ್ಲ, ನಾವೂ ಹೇಳುವವರಲ್ಲ. "ಹುಮನಾಬಾದ ಸಂತ್ಯಾಗ ಸುಮ್ಮ ಮಾರಿಬಿಡತೀನಿ, ನೀ ಬಾಯಿ ಮುಚ್ಕೊಂಡಿರು" ಅಂದೆ ನೀನು. ನಾನು ಮುಚ್ಚಿಕೊಂಡೆ. ಈ ಸಂತೆ, ಮುಂದಿನ ಸಂತೆ ಎನ್ನುತ್ತ ಆರೂ ಹಿಂಡಿನಲ್ಲೇ ಉಳಿದುಬಿಟ್ಟವು.

ಆ ಸೆಪ್ಟೆಂಬರಿನ ಮಧ್ಯಾಹ್ನವನ್ನೂ ಬರೆಯುತ್ತೇನೆ. ಕೆರೆಯ ದಂಡೆಯಲ್ಲಿ ಎರಡೂ ಹಿಂಡು ನೀರಿಗೆ ಬಂದಿದ್ದವು. ನಾನು ನಿಮಗೆ ಬುತ್ತಿ ತಂದಿದ್ದೆ. ಚನ್ನಬಸಪ್ಪನ ಮಗ ಶೈಲೇಶ ನಮ್ಮ ಹಿಂಡಿನಲ್ಲಿದ್ದ ಒಂದು ಕುರಿಯ ಕಿವಿ ಹಿಡಿದು, ನಗುತ್ತಲೇ, "ಕಾಕಾ, ನೋಡ್ರಿ ಇಲ್ಲಿ, ನಮ್ಮವು ಆರು ನಿಮ್ಮ ಹಿಂಡಿನ್ಯಾಗ ಹೊಕ್ಕಾವ" ಎಂದ. ಎಷ್ಟು ಮರ್ಯಾದೆಯಿಂದ ಎಂದ, ಅಣ್ಣಾ! ಅಪ್ಪ ಬಗ್ಗಿ ನೋಡಿದ. ಅವನಿಗೆ ಏನೂ ಕಾಣಲಿಲ್ಲ, ಅದು ನನಗೆ ಅವನು ಕತ್ತು ಅತ್ತಿತ್ತ ಹೊರಳಿಸಿದ್ದರಿಂದಲೇ ತಿಳಿಯಿತು. ಕಾಣಲಿಲ್ಲ ಎನ್ನುವ ಬದಲು, "ನನ್ನ ಕೈಲೆ ಕೊಯ್ದ ಕಿವಿ ಇವು. ನನಗ ಕಳ್ಳ ಅಂತಿಯೇನಲೇ?" ಎಂದು ಬಡಿಗೆ ಎತ್ತಿದ. ಮೊದಲ ಏಟು ಹೆಗಲಿಗೆ ಬಿತ್ತು. ಶೈಲೇಶ ಇನ್ನೂ ನಗುವುದು ಪೂರ್ತಿ ಬಿಟ್ಟಿರಲಿಲ್ಲ. ಎರಡನೆಯದು ಕಿವಿಯ ಮೇಲೆ ಬಿದ್ದಾಗ ಕಟ್ಟಿಗೆ ಸೀಳಿದಂಥ ಸಪ್ಪಳ ಬಂತು. ಅವನು ಕೆಸರಿನಲ್ಲಿ ಮೊಣಕಾಲೂರಿ ಒಂದು ಕೈ ಮೇಲೆತ್ತಿದ, ಮೂರನೆಯ ಏಟಿಗೆ ಆ ಕೈ ಜೋತುಬಿತ್ತು. ನಾಲ್ಕನೆಯ ಏಟು ಬೀಳುವಾಗ ಅವನು ಬೋರಲಾಗಿದ್ದ, ಬಾಯಲ್ಲಿ ಕೆಸರಿತ್ತು. ಐದನೆಯದಾದ ಮೇಲೆ ನೀನು ಓಡಿಬಂದು ಅಪ್ಪನ ಸೊಂಟ ಹಿಡಿದು ಎಳೆದೆ. ನೀನು ನನಗಿಂತ ಹತ್ತಿರವಿದ್ದೆ. ಇಬ್ಬರಲ್ಲಿ ಒಬ್ಬರಾದರೂ ಮೊದಲ ಏಟಿಗೇ "ಅಪ್ಪಾ, ಕೊಯ್ದವರು ನಾವು" ಎಂದು ಕೂಗಿದ್ದರೆ ಸಾಕಿತ್ತು. ನಾನು ಬುತ್ತಿಗಂಟು ಎದೆಗೊತ್ತಿಕೊಂಡು ನಿಂತಿದ್ದೆ. ಆ ಕ್ಷಣದಲ್ಲೂ ನನಗಿದ್ದ ಭಯ ಶೈಲೇಶ ಸಾಯುತ್ತಾನೆಂದಲ್ಲ, ಕಿವಿ ಕೊಯ್ದದ್ದು ಅಪ್ಪನಿಗೆ ತಿಳಿಯುತ್ತದೆಂದು. ಥೂ, ನನ್ನ ಜನ್ಮಕ್ಕಿಷ್ಟು! ಅವನು ಮತ್ತೆ ಎಚ್ಚರವಾಗದೆ ಮೂರನೆಯ ದಿನ ಕಲಬುರಗಿಯ ಆಸ್ಪತ್ರೆಯಲ್ಲಿ ತೀರಿಕೊಂಡ.

ಅಷ್ಟರಲ್ಲಿ ನೀನು ಅಪ್ಪನ ಮುಂದೆ, ನನ್ನ ಹೆಸರು ಎತ್ತದೆ, ಕಿವಿ ಕೊಯ್ದದ್ದು ನಾನೇ ಎಂದು ಒಪ್ಪಿಕೊಂಡಿದ್ದೆ. ಅಪ್ಪ ಅಂಗಳದ ಹೊರಸಿನ ಮೇಲೆ ಕೂತು ಚಹಾ ಕುಡಿದು ತೀರ್ಪು ಕೊಟ್ಟ. "ಕಿವಿ ತಪ್ಪಿದ್ದು ನಿನ್ನ ಕೈ, ಜೇಲಿಗೂ ನಿನ್ನ ಕೈನೇ ಹೋಗಲಿ." ನನ್ನ ಕಡೆ ತಿರುಗಿ, "ಜಯಾ, ಸತೀಶ ಹೊಡದಿದ್ದು ನೋಡಿದಿ. ಹೌದಿಲ್ಲೋ?" ಎಂದ. ನಾನು ಹೂಂ ಎಂದೆ. ಪೊಲೀಸರ ಮುಂದೂ ಅದನ್ನೇ ಹೇಳಿದೆ. ಅವರು ಬರೆದುಕೊಂಡರು. ಅದಕ್ಕೆ ಇವತ್ತಿಗೆ ಹದಿನಾಲ್ಕು ತಿಂಗಳು.

ಈಗ ಹೇಳುವುದನ್ನು ಕೇಳಿದರೆ ನೀನು ನಗುತ್ತೀಯೋ ಉಗಿಯುತ್ತೀಯೋ. ಹೋದ ತಿಂಗಳ ಟೆಸ್ಟಿನಲ್ಲಿ ಪ್ರಶ್ನೆ ಬಂತು, ಅಧಿಕಾರದ ಎದುರು ವ್ಯಕ್ತಿಯ ಆತ್ಮಸಾಕ್ಷಿಯ ಕುರಿತು ಚರ್ಚಿಸಿ ಎಂದು. ನಾನು ಆರು ಪುಟ ತುಂಬಿಸಿದೆ. ಒಬ್ಬ ಮನುಷ್ಯ ತನ್ನ ಕಣ್ಣು ಕಂಡದ್ದನ್ನು ಹೇಳದಿದ್ದರೆ ಅವನು ಇದ್ದೂ ಇಲ್ಲದವನು ಎಂದೆಲ್ಲ ಕೊರೆದೆ. ಇಪ್ಪತ್ತಕ್ಕೆ ಹದಿನೆಂಟು ಬಂತು. ಮೇಡಂ ಅದನ್ನು ಇಡೀ ತರಗತಿಗೆ ಓದಿ ಹೇಳಿ ಚಪ್ಪಾಳೆ ಹೊಡೆಸಿದರು. ನಾನು ಆ ಆರು ಪುಟಗಳನ್ನು ಹೊರಗೆ ನಲ್ಲಿಯ ಹತ್ತಿರ ಒಯ್ದು ಹರಿದು ಚೂರು ಮಾಡಿದೆ. ಆ ಪುಸ್ತಕಗಳ ಮೇಲೂ ನನಗೆ ತಕರಾರಿದೆ, ಸುಮ್ಮನೆ ಹೊಗಳುವವಳಲ್ಲ ನಾನು. ಅಲ್ಲಿಯ ಧೀರರಿಗೆಲ್ಲ ಹಿಂದೆಮುಂದೆ ಯಾರೂ ಇರುವುದಿಲ್ಲ. ಮನೆಬಿಟ್ಟು ಕಾಡಿಗೆ ಹೋಗುತ್ತಾರೆ, ಕಡಲಿಗೆ ಹೋಗುತ್ತಾರೆ. ಅವರ ಸಿಟ್ಟಿಗೆ ಏಟು ತಿನ್ನಲು ಹಿಂದೆ ಒಬ್ಬ ಅವ್ವ ಉಳಿದಿರುವುದಿಲ್ಲ. ಇದನ್ನು ಬರೆದಿದ್ದರೆ ಇನ್ನೆರಡು ಮಾರ್ಕು ಬರುತ್ತಿತ್ತೇನೋ.

ಶೈಲೇಶನ ಅವ್ವ ಬಸವಕಲ್ಯಾಣದ ಕೋರ್ಟಿನ ಮೆಟ್ಟಿಲ ಮೇಲೆ ನಿನಗೆ ಚಪ್ಪಲಿಯಿಂದ ಹೊಡೆದಳಲ್ಲ, ಬೇಡಿ ಹಾಕಿದ ಕೈ ಎತ್ತದೆ ನೀನು ಹಾಗೇ ನಿಂತಿದ್ದೆ. ನಿನ್ನ ತುಟಿ ಒಡೆದು ಅಂಗಿಯ ಮೇಲೆ ರಕ್ತ ಇಳಿಯಿತು. ಅಪ್ಪ ಅಲ್ಲೇ ಬೇವಿನ ಗಿಡದ ಕೆಳಗೆ ಬಡಿಗೆ ಊರಿಕೊಂಡು ಕೂತು ನೋಡುತ್ತಿದ್ದ. ಆ ಹೆಣ್ಣುಮಗಳು ತಪ್ಪು ಮನುಷ್ಯನನ್ನು ಹೊಡೆಯುತ್ತಿದ್ದಾಳೆ ಎಂದು ಅಲ್ಲಿ ಅವ್ವನೂ ಸೇರಿ ನಾಲ್ಕು ಜನಕ್ಕೆ ಗೊತ್ತಿತ್ತು. ನಾಲ್ವರೂ ಸುಮ್ಮನಿದ್ದೆವು.

ಇನ್ನು ಅವ್ವನ ಕೈಯ ಮಾತು, ಹೋದ ಸಲ ಜೈಲಿನಲ್ಲಿ ನಿನ್ನಿಂದ ಮುಚ್ಚಿಟ್ಟದ್ದು. ದೀಪಾವಳಿಗೆ ಮನೆಗೆ, ಮುಡಬಿಗೆ ಹೋಗಿದ್ದೆ. ಅಪ್ಪ ಹೊಸ ಮರಿಗಳ ಕಿವಿ ಕೊಯ್ಯಲು ಕೂತಿದ್ದ. ಕಣ್ಣು ಕಾಣದೆ ಒಂದು ಮರಿಯ ಕಿವಿಯನ್ನು ಬುಡದಿಂದಲೇ ಕತ್ತರಿಸಿಬಿಟ್ಟ. ರಕ್ತ ಸುರಿಸುತ್ತ ಅದು ಅಂಗಳವೆಲ್ಲ ಓಡಾಡಿತು. ಅವ್ವ ತಡೆಯಲಾರದೆ, "ಒಮ್ಮೆ ಕಣ್ಣು ತೋರಸ್ಕೊಂಡು ಬರ್ರಿ" ಎಂದಳು. ಅಷ್ಟೇ. ಬಡಿಗೆ ಅವಳ ಮುಂಗೈ ಮೇಲೆ ಬಿತ್ತು, ಎಲುಬು ಲಟ್ ಎಂದದ್ದು ಒಲೆಯ ಮುಂದಿದ್ದ ನನಗೆ ಕೇಳಿಸಿತು. ಎರಡನೆಯ ಸಲ ಎತ್ತುವಾಗ ನಾನು ಹೋಗಿ ಬಡಿಗೆ ಕಸಿದುಕೊಂಡೆ. ಕಸಿದುಕೊಂಡು ಹೊಡೆದೆ, ಅಣ್ಣಾ. ಅಪ್ಪನ ಹೆಗಲಿಗೆ ಒಂದು, ಪಕ್ಕೆಗೆ ಒಂದು. ನನ್ನ ಕೈಗೆ ಅದು ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಮೂರನೆಯದನ್ನು ನೇರ ತಲೆಗೇ ಗುರಿ ಹಿಡಿದಿದ್ದೆ. ಆಗ ಅಪ್ಪ ಗೋಡೆಗೊರಗಿ ನಕ್ಕ. "ಬರೋಬ್ಬರಿ ನನ್ನ ರಕ್ತ. ಸತೀಶ ಹೆಣ್ಣಾದ, ನೀ ಗಂಡಾದಿ. ಇನ್ನ ಬಡಿಗಿ ನೀನೇ ಇಟ್ಕೋ, ಚೂರೀನೂ ನೀನೇ ಹಿಡಿ" ಎಂದ. ಅವನ ಮುಖದಲ್ಲಿ ಹೆಮ್ಮೆಯಿತ್ತು! ಏಟಿಗಿಂತ ಆ ಹೆಮ್ಮೆಗೆ ನಾನು ಹೆದರಿದೆ. ಬಡಿಗೆಯನ್ನು ಒಲೆಗೆ ಹಾಕಿ ಅದು ಪೂರ್ತಿ ಉರಿಯುವವರೆಗೆ ಕೂತಿದ್ದು, ಅವ್ವನನ್ನು ದವಾಖಾನೆಗೆ ಕರೆದೊಯ್ದೆ. ಅಪ್ಪ ಮರುದಿನವೇ ಹೊಸದೊಂದು ಕಡಿದು ತಂದ.

ಜಾಲರಿಯ ಆಚೆಯಿಂದ ನೀನು ಹೇಳಿದ್ದು ನೆನಪಿದೆ. "ಅವ್ವನ ಆಣಿ ಐತಿ ನಿನಗ, ಸೋಮವಾರ ಕೋರ್ಟಿನ್ಯಾಗ ಬಾಯಿ ಬಿಡಬ್ಯಾಡ. ಈ ವಯಸ್ಸಿನ್ಯಾಗ ಅಪ್ಪ ಜೇಲಿನ್ಯಾಗ ಸಾಯ್ತಾನ." ಬಸ್ಸಿನಲ್ಲಿ ಬರುತ್ತ ಯೋಚಿಸಿದೆ, ನೀನೂ ಅಪ್ಪನ ಹಾಗೆಯೇ ನನಗೆ ಹುಕುಂ ಕೊಡುತ್ತಿದ್ದೀಯ, ನಿನ್ನ ದನಿ ಮೆತ್ತಗಿದೆ ಅಷ್ಟೇ. ನಿನ್ನ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟಿದೆ. ನೀನು ಜೈಲಿನಲ್ಲಿ ಕೊಳೆತರೆ ಅದು ತ್ಯಾಗವಲ್ಲ, ಅದೂ ಆ ಹಡಗಿನ ಆಳುಗಳ ಕೆಲಸವೇ. ಅಪ್ಪನ ಮೇಲೆ ನನಗೂ ಕರುಳಿದೆ. ಚಿಕ್ಕವಳಿದ್ದಾಗ ಹಿಂಡಿನ ಹಿಂದೆ ನಡೆದು ಕಾಲು ನೊಂದರೆ ಹೆಗಲ ಮೇಲೆ ಕೂರಿಸಿಕೊಂಡು ನಡೆದವನು ಅವನೇ. ಅದನ್ನು ನೆನೆದು ಅತ್ತಿದ್ದೇನೆ. ಅತ್ತಮೇಲೂ ಶೈಲೇಶ ಎತ್ತಿದ ಆ ಕೈ ಹಾಗೇ ಕಣ್ಣಮುಂದೆ ಇದೆ.

ಊಟ ಬಿಡಬೇಡ. ಮುಲಾಮು ನೀನೇ ಹಚ್ಚಿಕೋ. ಅಸ್ಗರಿ ನಿನಗೆ ಸಲಾಂ ಹೇಳಿದ್ದಾಳೆ. ಪಟ್ಟಿ ಕಟ್ಟಿದ ಕೈಯಿಂದಲೇ ಅವ್ವ ನಿನ್ನ ತಲೆ ಸವರಿದಳೆಂದು ತಿಳಿದುಕೋ. ನಿನಗೆ ನನ್ನ ನಮಸ್ಕಾರ.

ನಿನ್ನ ತಂಗಿ,
ಜಯಮಾಲಾ

ತಾಜಾಕಲಂ: ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂತು ಇದನ್ನು ಸೇರಿಸುತ್ತಿದ್ದೇನೆ, ಅವಸರವಿದೆ. ಜೈಲಿನಲ್ಲಿ ಪತ್ರ ಒಡೆದು ಓದುತ್ತಾರೆ, ನೋಡಿಕೊಂಡು ಬರಿ ಎಂದು ನೀನು ಪ್ರತಿ ಸಲ ಎಚ್ಚರಿಸುತ್ತೀಯಲ್ಲ. ಓದಲಿ ಎಂದೇ ಈ ಸಲ ಇಷ್ಟು ಬಿಡಿಸಿ ಬರೆದೆ. ಇದರ ನಕಲನ್ನು, ಕೆಳಗೆ ಸಹಿ ಹಾಕಿ, ಬೆಳಿಗ್ಗೆಯೇ ಕಲ್ಯಾಣಕ್ಕೆ ಹೋಗಿ ಸರಕಾರಿ ವಕೀಲರ ಕೈಗೆ ಕೊಟ್ಟುಬಂದೆ. ಇನ್ನು ನೀನು ಆಣೆ ಹಾಕಿ ತಡೆಯಲು ಏನೂ ಉಳಿದಿಲ್ಲ. ಅವ್ವ ನಿನ್ನೆಯೇ ಬೇಮಳಖೇಡದ ತವರಿಗೆ ಹೋಗಿದ್ದಾಳೆ, ನಾನೇ ಬಸ್ಸು ಹತ್ತಿಸಿದೆ. ಅಪ್ಪನಿಗೆ ಈ ಸುದ್ದಿ ಕೋರ್ಟಿನಲ್ಲಿ ಹತ್ತು ಜನರ ನಡುವೆ ತಿಳಿಯುವುದು ಬೇಡ. ಮುಡಬಿಯ ಬಸ್ಸು ಬಂದು ನಿಂತಿದೆ. ಅಂಗಳದಲ್ಲಿ ಅವನ ಎದುರಿಗೆ ನಿಂತು, ಹೊಡೆದವನು ನೀನು, ಕೊಯ್ದವನು ಅಣ್ಣ, ಮರಿಯನ್ನು ತಪ್ಪಾಗಿ ಹಿಡಿದವಳು ನಾನು ಎಂದು ನಾನೇ ಹೇಳುತ್ತೇನೆ. ಹೊಸ ಬಡಿಗೆ ಅವನ ಕೈಯಲ್ಲೇ ಇರುತ್ತದೆ, ಗೊತ್ತಿದೆ. ಈ ಸಲ ನಾನು ಕಸಿದುಕೊಳ್ಳುವುದಿಲ್ಲ.