ಸೊಸೆಯ ಫೋನು, ನನ್ನ ನಡಿಗೆ

ಸೆಪ್ಟೆಂಬರ್ 4, ಬೆಳಿಗ್ಗೆ

ಓದುತ್ತಿರುವವರು ಯಾರೇ ಆಗಿರಿ, ಮೊದಲು ನಿಮ್ಮ ಬಾಯಿಗೆ ಬೀಗ ಹಾಕಿಕೊಳ್ಳಿ. ಕಣ್ಣು ಬಿಡುವುದರೊಳಗೆ ಟಿಂಗ್ ಅನ್ನುತ್ತೀರಿ. "ಇಂದು ಹೇಗಿದ್ದೀರಿ?" ಹೇಗಿರುತ್ತಾರೆ? ಕಾಯಿಲೆಯವರು ಕಾಯಿಲೆಯವರ ಹಾಗೇ ಇರುತ್ತಾರೆ. ಒಂದು ಅಳುವ ಮುಖ, ಒಂದು ನಗುವ ಮುಖ, ನಡುವೆ ಒಂದು ಪೆದ್ದು ಮುಖ — ಯಾವುದಾದರೊಂದನ್ನು ಒತ್ತಬೇಕಂತೆ. ಕೆಳಗೆ ಖಾಲಿ ಚೌಕ. "ಮನಸ್ಸಿನ ಮಾತು ಬರೆಯಿರಿ." ಇಗೋ, ಬರೆಯುತ್ತಿದ್ದೇನೆ. ಕಾಯಿಲೆ ನನ್ನ ಸೊಸೆಗೆ, ಅವಳ ಬೆರಳುಗಳು ಮರಗಟ್ಟಿವೆ. ಒಂದು ಅಕ್ಷರ ಒತ್ತಲು ಹೋದರೆ ಇನ್ನೊಂದು ಬೀಳುತ್ತದೆ. ಹಾಗಾಗಿ ಆಸ್ಪತ್ರೆಯವರು ಮೂರು ತಿಂಗಳ ಹಿಂದೆ ಹಾಕಿಕೊಟ್ಟ ಈ ಆ್ಯಪ್ ನನ್ನ ಕೊರಳಿಗೆ ಬಿತ್ತು. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅವಳಿಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ನರದ ಮೇಲಿನ ಹೊದಿಕೆ ಸವೆಯುತ್ತದಂತೆ, ರಬ್ಬರ್ ಸುಲಿದ ವೈರಿನ ಹಾಗೆ. ಒಂದು ದಿನ ಕಣ್ಣು ಮಂಜು, ಇನ್ನೊಂದು ದಿನ ಕಾಲು ಕೊರಡು. ಸೆಕೆ ತಗುಲಿದರೆ ಇನ್ನೂ ಜಾಸ್ತಿ. ನಮ್ಮದೋ ಇಸ್ತ್ರಿ ಅಂಗಡಿ. ಹಣೆಬರಹ ಬರೆದವನಿಗೆ ನಾಲ್ಕನೇ ಕ್ಲಾಸೂ ಆಗಿರಲಿಕ್ಕಿಲ್ಲ.

ಸೆಪ್ಟೆಂಬರ್ 6

ಪೆದ್ದು ಮುಖ ಒತ್ತಿದೆ. "ಹೇಗಿದ್ದೀಯೇ" ಎಂದು ಕೇಳಿದ್ದಕ್ಕೆ ಅವಳು "ಪರವಾಗಿಲ್ಲ ಅತ್ತೆ" ಅಂದಳು. ಮನೆ ಹೊತ್ತಿ ಉರಿಯುತ್ತಿದ್ದರೂ ಪರವಾಗಿಲ್ಲ ಅನ್ನುವ ಜಾತಿ.

ಇಸ್ತ್ರಿ ಅವಳದು, ಸ್ಟೂಲಿನ ಮೇಲೆ ಕೂತು, ಬೆನ್ನಿಗೆ ಫ್ಯಾನು. ಮನೆ ಮನೆಗೆ ಬಟ್ಟೆ ಮುಟ್ಟಿಸುವುದು ಈಗ ನನ್ನದು. ಅಂಗಡಿಗಿರುವುದು ಇದೊಂದೇ ಫೋನು. "ಅತ್ತೆ, ನೀವೇ ಇಟ್ಕೊಳ್ಳಿ, ನನ್ನ ಕೈಯಿಂದ ಜಾರತ್ತೆ" ಅನ್ನುತ್ತಾಳೆ. ಸೊಂಟಕ್ಕೆ ಸಿಕ್ಕಿಸಿಕೊಂಡು, ತೋಳಿನ ಮೇಲೆ ಬಟ್ಟೆಯ ಗಂಟು ಹೊತ್ತು ಮೆಟ್ಟಿಲು ಹತ್ತುತ್ತೇನೆ. ನಡುವೆ ಮೂರನೇ ಮಹಡಿಯವಳ ಫೋನು. "ಅಂಗಿ ರೆಡಿನಾ?" ನಿನ್ನ ಬಾಗಿಲಲ್ಲೇ ನಿಂತಿದ್ದೀನಿ, ತೆಗಿಯಮ್ಮ.

ಸೆಪ್ಟೆಂಬರ್ 13, ಸಂಜೆ

ಆ್ಯಪ್ ಹೊಗಳುತ್ತಿದೆ. "ಭೇಷ್. ಈ ವಾರ ನಿಮ್ಮ ನಡಿಗೆ ಬಹಳ ಸುಧಾರಿಸಿದೆ." ಹಸಿರು ಗೆರೆಯೊಂದು ಗುಡ್ಡದ ಹಾಗೆ ಏರಿದೆ. ಮಗ ಅದನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿ ಬಂದ. ನನಗೆ ತಲೆಬುಡ ತಿಳಿಯಲಿಲ್ಲ. ಬಚ್ಚಲಿಗೆ ಹೋಗಲೂ ಅವಳು ಗೋಡೆ ಹಿಡಿಯುತ್ತಾಳೆ.

"ಯಾವ ಲೆಕ್ಕವೋ ಇದು?" ಅಂದೆ.

"ಅಮ್ಮಾ, ಅದಕ್ಕೆ ಸೆನ್ಸರ್ ಇರತ್ತೆ. ನಿನಗಿಂತ ಚೆನ್ನಾಗಿ ಅದಕ್ಕೆ ಗೊತ್ತು."

ಇವನನ್ನು ಹೆತ್ತ ನನಗೆ ಯಾವ ಸೆನ್ಸರೂ ಇಲ್ಲ.

ಸೆಪ್ಟೆಂಬರ್ 23

ಇವತ್ತು ನರದ ಡಾಕ್ಟರ ಹತ್ತಿರ ಹೋಗಿದ್ದೆವು. ಹೊಸ ಔಷಧಿ ಬಂದಿದೆ, ಡ್ರಿಪ್ಪಿನಲ್ಲಿ ಹಾಕುತ್ತಾರೆ, ಕಾಯಿಲೆಯ ಓಟವನ್ನು ತಡೆಯಬಹುದು ಅಂತ ಹೋದ ಸಲ ಅವರೇ ಆಸೆ ಹುಟ್ಟಿಸಿದ್ದರು. ಅದನ್ನು ಕೇಳಲೆಂದೇ ಹೋದದ್ದು. ನಾವು ಒಳಗೆ ಹೋಗುವ ಹೊತ್ತಿಗೆ ಆ ಮನುಷ್ಯ ಕಂಪ್ಯೂಟರಿನಲ್ಲಿ ಹಸಿರು ಗುಡ್ಡ ನೋಡುತ್ತ ಕೂತಿತ್ತು. ಸೊಸೆ ಬಾಗಿಲಿಂದ ಕುರ್ಚಿಯವರೆಗೆ ನನ್ನ ಹೆಗಲು ಹಿಡಿದು ಬಂದಳು. ಅದು ತಲೆ ಎತ್ತಲಿಲ್ಲ.

"ತುಂಬಾ ಚೆನ್ನಾಗಿ ನಡೀತಿದೀರಲ್ಲ. ಮೆಟ್ಟಿಲೂ ಹತ್ತುತ್ತಿದೀರಿ. ಸದ್ಯ ಹಳೇ ಮಾತ್ರೆನೇ ಸಾಕು."

"ಡಾಕ್ಟ್ರೇ, ಇವಳನ್ನ ಒಂದ್ಸಲ ನೋಡಿ" ಅಂದೆ.

"ಅಜ್ಜಿ, ಮೂರು ತಿಂಗಳ ದಾಖಲೆ ಇದೆ ಇಲ್ಲಿ."

ಎತ್ತು ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು. ಸೊಸೆ ತಲೆ ತಗ್ಗಿಸಿ ಕೂತಿದ್ದಳು, ತುಟಿ ಬಿಚ್ಚಲಿಲ್ಲ. ಆ ಕೋಪವೂ ನನಗೆ ಇಳಿದಿಲ್ಲ.

ಅದೇ ದಿನ, ಸಂಜೆ

ಬಟ್ಟೆ ಕೊಡಲು ಹೋಗಿದ್ದೆ. ಕೊನೆಯ ಮಹಡಿ ಮುಟ್ಟಿದಾಗ ಸೊಂಟದಲ್ಲಿ ಗುರ್ ಎಂದಿತು. ಮೂರನೇ ಮಹಡಿಯವಳೇ ಇರಬೇಕೆಂದು ತೆಗೆದು ನೋಡಿದೆ. "ಇಂದಿನ ಗುರಿ ತಲುಪಿದಿರಿ."

ಅಲ್ಲೇ ಮೆಟ್ಟಿಲ ಮೇಲೆ ಕೂತೆ. ತಲುಪಿದ್ದು ಯಾರು? ನಾನು. ಮೂರು ತಿಂಗಳಿಂದ ನಡೆದದ್ದೂ ನಾನು. ಮಂಡಿ ಸವೆದ ಮುದುಕಿಗೆ ಭೇಷ್, ಅವಳಿಗೆ ಹಳೇ ಮಾತ್ರೆ.

ಸೆಪ್ಟೆಂಬರ್ 24

ನಿನ್ನೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಫೋನನ್ನು ಇಸ್ತ್ರಿ ಮೇಜಿನ ಮೇಲೆ ಕುಕ್ಕಿದೆ.

"ನೋಡೇ, ಈ ಮುಟ್ಠಾಳ ನನ್ನ ಕಾಲನ್ನ ನಿನ್ನ ಕಾಲು ಅಂದ್ಕೊಂಡಿದೆ."

ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಗೊತ್ತು ಅತ್ತೆ."

"ಏನು ಗೊತ್ತು?"

"ಎರಡನೇ ವಾರಕ್ಕೇ ಗೊತ್ತಾಯ್ತು."

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಸುಳ್ಳಿ ಅಂದೆ, ಇದ್ದ ಒಂದು ದಾರಿಗೂ ಮುಳ್ಳು ಹಾಕಿಕೊಂಡೆ ಅಂದೆ. ನಾನು ಮುಗಿಸುವ ಹೊತ್ತಿಗೆ ಅವಳು ಮತ್ತೆ ಪೆಟ್ಟಿಗೆ ಎತ್ತಿಕೊಂಡಿದ್ದಳು.

"ದಿನಾ ಸಂಜೆ ಆ ಹಸಿರು ಗೆರೆ ನೋಡ್ತಿದ್ದೆ. ನಾನೇ ಎಲ್ಲೋ ಹೋಗಿ ಬಂದ ಹಾಗಿರ್ತಿತ್ತು. ಇವರೂ ಎಷ್ಟೋ ದಿನದ ಮೇಲೆ ನಗ್ತಿದ್ರು. ಡಾಕ್ಟ್ರು ಅದನ್ನೇ ನೋಡಿ ಔಷಧಿ ಬೇಡ ಅಂತಾರೆ ಅಂತ ನಾನೇನು ಕನಸು ಕಂಡಿದ್ನಾ?"

ಅವಳ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು ಯಾರದೋ ಪ್ಯಾಂಟನ್ನು ತೀಡಿದೆ. ಗೆರೆ ಸೊಟ್ಟಗಾಯಿತು.

ಸೆಪ್ಟೆಂಬರ್ 26

ಇವತ್ತು ಸೊಸೆಯನ್ನು ಕರೆದುಕೊಂಡು, ಚೀಟಿ ಮಾಡಿಸದೆ ಡಾಕ್ಟರ ಕೋಣೆಗೆ ನುಗ್ಗಿದೆ. ನರ್ಸ್ ಕೈ ಅಡ್ಡ ಹಿಡಿದಳು. "ನೀನೂ ಒಂದಿನ ಅತ್ತೆ ಆಗ್ತೀಯ, ಬಿಡಮ್ಮ" ಅಂದೆ. ಬಿಟ್ಟಳು.

ಕಂಪ್ಯೂಟರಿಗೂ ಡಾಕ್ಟರಿಗೂ ನಡುವೆ ನಿಂತುಕೊಂಡೆ. "ಈಗ ನಡೀತಾಳೆ, ನೋಡಿ." ಸೊಸೆ ಬಾಗಿಲಿಂದ ಒಬ್ಬಳೇ ಹೊರಟಳು. ಬಲಗಾಲು ಹಿಂದೆ ಎಳೆಯಿತು. ಅರ್ಧ ದಾರಿಗೆ ಬೀರು ಹಿಡಿದು ನಿಂತಳು. ಡಾಕ್ಟರು ತಾವೇ ಎದ್ದು ಹೋಗಿ ಕೂರಿಸಿದರು.

"ತಪ್ಪಾಯ್ತು ಅಜ್ಜಿ. ನಾನು ಬರೆದುಕೊಡ್ತೀನಿ. ಆದರೆ ಔಷಧಿ ಮಂಜೂರು ಮಾಡೋದು ಕಮಿಟಿ. ಒಂದನೇ ತಾರೀಕು ಕೂರುತ್ತೆ. ಅವರು ಈ ದಾಖಲೆನೂ ನೋಡ್ತಾರೆ, ಅದರಲ್ಲಿ ಮೆಟ್ಟಿಲು ಹತ್ತಿದ್ದು ಇದೆ. ಅಳಿಸೋಕೆ ನನ್ನ ಕೈಲಾಗಲ್ಲ, ಆ್ಯಪಿನವರೇ ಅಳಿಸಬೇಕು."

ಸೆಪ್ಟೆಂಬರ್ 27, ಮಧ್ಯಾಹ್ನ

ಈಗ ಫೋನು ಅವಳ ಮೈಮೇಲೇ ಇರುತ್ತದೆ. ಬಚ್ಚಲಲ್ಲಿ ಜಾರಿದಳು. ಎತ್ತಲು ಹೋದೆ, ನೆಲದ ಮೇಲೆ ಇಬ್ಬರೂ ಕೂತುಬಿಟ್ಟೆವು. ಆಗ ಟಿಂಗ್. "ಇಂದು ನಿಮ್ಮ ನಡಿಗೆ ಕಡಿಮೆ. ಏಳಿ, ನಾಲ್ಕು ಹೆಜ್ಜೆ ಹಾಕಿ!"

ನಿಮ್ಮ ನಾಲಿಗೆಗೆ ಇಸ್ತ್ರಿ ಹಾಕಬೇಕು. ಸೊಸೆಗೆ ನಗು ಬಂತು. ನನಗೆ ಬರಲಿಲ್ಲ.

ಅಳುವ ಮುಖ ಒತ್ತಿದೆ. "ಹಂಚಿಕೊಂಡಿದ್ದಕ್ಕೆ ಧನ್ಯವಾದ" ಅಂದಿತು.

ಸೆಪ್ಟೆಂಬರ್ 29

ಇಲ್ಲಿ ಬರೆದದ್ದನ್ನು ಓದುವವರು ಯಾರೂ ಇಲ್ಲ, ಎಲ್ಲ ಮಷೀನು ಎಂದು ಮಗ ಹೇಳುತ್ತಾನೆ. ಇರಲಿ. ಆ ಮಷೀನಿಗೂ ಒಬ್ಬ ಯಜಮಾನ ಇರಬೇಕಲ್ಲ, ಅವನಿಗೂ ಒಬ್ಬ ತಾಯಿ ಇರಬೇಕಲ್ಲ. ಅವಳನ್ನಾದರೂ ಕರೆಯಿರಿ, ನಾನು ಮಾತಾಡುತ್ತೇನೆ.

ಆ ಮೆಟ್ಟಿಲು ಹತ್ತಿದವಳು ನಾನು. ಆ ನಡಿಗೆ ನನ್ನದು. ಅದನ್ನು ಅವಳ ಹೆಸರಿನಿಂದ ತೆಗೆದು ಡಾಕ್ಟರಿಗೆ ಬರೆದು ಕಳಿಸಿ. "ಎಲ್ಲಾ ಅಳಿಸಿಬಿಡ್ತಾರಾ ಅತ್ತೆ?" ಎಂದು ಸೊಸೆ ಈಗ ತಾನೇ ಕೇಳಿದಳು. ಹೂಂ ಅಂದೆ. ಆಮೇಲೆ ಮನಸ್ಸು ತಡೆಯಲಿಲ್ಲ. ಒಂದೇ ಒಂದು ದಿನದ್ದನ್ನು ಬಿಡಿ. ಕಮಿಟಿಗೆ ಕಾಣದ ಹಾಗೆ, ಅವಳೊಬ್ಬಳಿಗೆ ಕಾಣುವ ಹಾಗೆ. ಯಾವ ದಿನ ಎಂದು ಅವಳನ್ನು ಕೇಳಿ ಹೇಳುತ್ತೇನೆ.

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ. ಧನ್ಯವಾದ ಬೇಡ, ಮುಖಗಳೂ ಬೇಡ. ಮನುಷ್ಯರು ಬರೆಯುವ ಹಾಗೆ ಬರೆಯಿರಿ, ನಾಳೆ ಸಂಜೆಯೊಳಗೆ, ನಾನು ಇಲ್ಲೇ ಫೋನು ಹಿಡಿದು ಕೂತಿರುತ್ತೇನೆ.